ಬಿಸಿನೀರಿನ ಕೊಳಕ್ಕೆ ಟವೆಲ್ ತರುವವಳು

ಸೆಪ್ಟೆಂಬರ್ ೮

ಅಮ್ಮ,

ನನ್ನನ್ನು ಎಬ್ಬಿಸದೆ ಯಾಕೆ ಹೊರಟೆ? ಪಾಪುವನ್ನು ಇವರ ಕೈಗೆ ಕೊಟ್ಟು, ಹಡಗಿನ ಒದ್ದೆ ಟವೆಲ್ ಮೂಟೆಗಳ ಜೊತೆ ಬಸ್ಸು ಹತ್ತಿದೆಯಂತೆ. ಹಡಗು ಕೂಗಿದಾಗ ನಾನು ಕೊಳದ ಪಕ್ಕದ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದೆ. "ನಿಮ್ಮಮ್ಮ ನಿನ್ನ ಮೇಲೂ ಒಂದು ಟವೆಲ್ ಹೊದಿಸಿ ಹೋಗಿದ್ದಾರೆ. ಹಡಗಿನವರು ಲೆಕ್ಕ ಕೇಳಿದರೆ ನಿನ್ನನ್ನೂ ಸೇರಿಸಿ ಕಳಿಸ್ತೀನಿ" ಅಂತ ಇವರು ಆಡಿಕೊಂಡರು. ಎಚ್ಚರವಾದಾಗ ಮೊದಲು ಅಳು ಬಂತು. ಆಮೇಲೆ ನೋಡಿಕೊಂಡರೆ ತಲೆ ಹಗುರ, ಕಣ್ಣಿನ ಉರಿ ಇಲ್ಲ, ಹಸಿವಾಗುತ್ತಿದೆ! ಎಷ್ಟು ದಿನವಾಗಿತ್ತು ನನಗೆ ಹಸಿವು ಅಂತ ಗೊತ್ತಾಗಿ.

ಹೆತ್ತ ಮೇಲೆ ನಾನು ಸರಿಯಾಗಿ ಮಲಗುವುದು ನೀನು ಬಂದ ದಿನ ಮಾತ್ರ. ಹಾಗಂದರೆ ಇವರಿಗೆ ಬೇಜಾರು. "ನಾನು ನೋಡ್ಕೊಳ್ತೀನಿ, ನೀನು ಮಲಗು" ಅನ್ನುತ್ತಾರೆ, ಅಂದ ಸ್ವಲ್ಪ ಹೊತ್ತಿಗೆ ಅವರದೇ ಗೊರಕೆ. ನಾನು ಪಾಪುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಬರುತ್ತಿದೆಯಾ ಅಂತ ನೋಡುತ್ತೇನೆ. ಬರುತ್ತಿರುತ್ತದೆ. ಮತ್ತೆ ನೋಡುತ್ತೇನೆ. ಡಾಕ್ಟರಮ್ಮ "ಮಗು ಗುಂಡುಕಲ್ಲಿನ ಹಾಗಿದೆ, ಔಷಧಿ ಬೇಕಿರೋದು ನಿಮಗೆ" ಅಂದರು. ಹೆದರುವುದಕ್ಕೆ ಕಾರಣವಿಲ್ಲ ಅಂತ ಇಷ್ಟು ಓದಿದ ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ರೆಪ್ಪೆ ಮುಚ್ಚುವುದಿಲ್ಲ. ಪಾಪು ನಿನ್ನ ತೋಳಿಗೆ ಬಂದ ಕ್ಷಣ ಮಾತ್ರ ನನ್ನೊಳಗೆ ಏನೋ ಗಂಟು ಸಡಿಲವಾಗುತ್ತದೆ. ನನ್ನನ್ನು ಎತ್ತಿದ ಕೈ ಅದು, ಬಿಡುವುದಿಲ್ಲ ಅನ್ನಿಸುತ್ತದೆ.

ಹಾಗಾಗಿ ಮೂರು ವಾರಕ್ಕೊಮ್ಮೆ ನಿಮ್ಮ ಹಡಗು ಇಲ್ಲಿ ನಿಲ್ಲಲೇಬೇಕು. ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ಈ ಸಲ ಕೊಳಕ್ಕೆ ಇಳಿದವರಲ್ಲಿ ಕೆಲವರು ನೀರು ಬಿಸಿಯಿಲ್ಲ ಅಂತ ಗೊಣಗಿದರು. ಬೇಸಿಗೆಯಲ್ಲಿ ನೆಲ ಸಣ್ಣಗೆ ನಡುಗಿತ್ತಲ್ಲ, ಅಂದಿನಿಂದ ಬುಗ್ಗೆಯ ಕಾವು ಇಳಿಯುತ್ತಲೇ ಇದೆ. ಪಾಳುಬಿದ್ದ ಹಳೇ ನಗರದ ಕಂಬಗಳಿಗೋಸ್ಕರ ಯಾರೂ ಹಡಗು ನಿಲ್ಲಿಸುವುದಿಲ್ಲ, ಅಮ್ಮ. ನಾನು ಅಲ್ಲಿ ಗೈಡ್ ಆಗಿದ್ದಾಗಲೇ ಕಂಡಿದ್ದೇನೆ: ಸಾವಿರಾರು ವರ್ಷದ ಹೆಬ್ಬಾಗಿಲಿನ ಮುಂದೆ ನಿಂತು "ಕೊಳ ಇನ್ನೆಷ್ಟು ದೂರ?" ಅಂತ ಕೇಳುತ್ತಾರೆ.

ಅಲ್ಲಿ ಏನಾದರೂ ಮಾತು ಕಿವಿಗೆ ಬಿದ್ದರೆ ಬರಿ. ನಿಮ್ಮ ಲಾಂಡ್ರಿಯ ಆಳದಲ್ಲಿ ಫೋನು ಸಿಗುವುದಿಲ್ಲವಾದ್ದರಿಂದ ಬಂದರಿನ ಏಜೆಂಟರ ಟಪಾಲು ಚೀಲವನ್ನೇ ನಂಬಿಕೊಂಡಿದ್ದೇನೆ.

ನಿನ್ನ ಮಗಳು


ಸೆಪ್ಟೆಂಬರ್ ೧೫, ಹಡಗಿನಿಂದ

ಮಗಳಿಗೆ, ಹಡಗಿನ ಹೊಟ್ಟೆಯೊಳಗಿಂದ ನಿನ್ನಮ್ಮನ ಆಶೀರ್ವಾದ. ತೊಟ್ಟಿಲಲ್ಲಿರೋ ನಮ್ಮ ಕ್ಯಾಪ್ಟನ್ ಸಾಹೇಬ್ರ ಎರಡೂ ಕೆನ್ನೆಗೆ ಮುತ್ತು.

ಅಕ್ಷರ ನನ್ನದಲ್ಲ ಅಂತ ಗಾಬರಿ ಬೀಳ್ಬೇಡ. ಕನ್ನಡಕ ಬಿದ್ದು ಒಡೆದುಹೋಯ್ತು. ನಾನು ಹೇಳ್ತೀನಿ, ನನ್ನ ಮೇಲಿನ ಬಂಕಲ್ಲಿ ಮಲಗೋ ಗುಬ್ಬಿ ಬರೀತಾಳೆ. ನಿನ್ನ ಕಾಗದಾನೂ ಅವಳೇ ಓದಿ ಹೇಳಿದ್ದು. ಅಳಿಯಂದ್ರ ಗೊರಕೆ ಬಂದಾಗ ಬಿದ್ದು ಬಿದ್ದು ನಕ್ಕಳು.

ಎಬ್ಬಿಸ್ಬೇಕಿತ್ತಂತೆ! ಗೂಬೆ ಥರ ಕಣ್ಣು ಬಿಟ್ಕೊಂಡು ಕೂತಿರೋಳು ಒಂದಿನ ಮಲಗಿದ್ರೆ, ಎಬ್ಬಿಸಿ ಕೈ ಬೀಸಿಸ್ಕೊಂಡು ಹೋಗೋಕೆ ನಾನೇನು ಮಂತ್ರೀನಾ?

ನೀರಿನ ವಿಷಯ. ನಿಂಗೆ ಸುಳ್ಳು ಹೇಳಿ ಏನು ಬಂತು. ಸೀಟಿ ಸಾಹೇಬ ಗೊತ್ತಲ್ಲ, ಪ್ರವಾಸದ ಮೇಜಲ್ಲಿ ಕೂರೋನು, ಸೀಟಿ ಊದಿ ಊದಿ ಜನರನ್ನ ಬಸ್ಸಿಗೆ ತುಂಬ್ತಾನೆ. ಅವನು ಮೊನ್ನೆ ಲಾಂಡ್ರಿಗೆ ಬಂದ. "ಅಜ್ಜಿ, ಉಗುರುಬೆಚ್ಚಗಿನ ನೀರಿಗೆ ಯಾರಾದ್ರೂ ಹಡಗು ನಿಲ್ಲಿಸ್ತಾರಾ? ಹೀಗೇ ಆದ್ರೆ ಆ ಬಂದರು ಬಿಟ್ಟು ಮುಂದಿನದಕ್ಕೆ ಹೋಗೋದೇ" ಅಂದ. ಕೊಳಕ್ಕೆ ಜನ ಹೋಗ್ದಿದ್ರೆ ಟವೆಲ್ ಮೂಟೆ ಬೇಡ. ಮೂಟೆ ಬೇಡ ಅಂದ್ರೆ ಲಾಂಡ್ರಿಯವಳನ್ನ ನೆಲಕ್ಕೆ ಯಾರು ಇಳಿಸ್ತಾರೆ? ನಾನೂ ಬಿಡ್ಲಿಲ್ಲ. "ಸ್ವಾಮಿ, ಜೀವಮಾನವೆಲ್ಲ ಆವಿಯಲ್ಲಿ ಬೆಂದ ಕೈ ಇದು. ನೀರಿನ ಕಾವು ನಂಗೆ ಹೇಳಿಕೊಡ್ತೀರಾ? ಹೋದ ಸಲ ಚೆನ್ನಾಗೇ ಇತ್ತು" ಅಂದೆ. ಅವನಿಗೆ ನಗು ಬಂತು. "ಹಾಗಾದ್ರೆ ಇನ್ಮೇಲೆ ನೀನೇ ಮೊದಲು ಕೈಯಿಟ್ಟು ನೋಡಿ ಸರಿ ಅನ್ನು, ಆಮೇಲೆ ಜನರನ್ನ ಇಳಿಸೋಣ" ಅಂತ ನಂಗೇ ಗಂಟು ಹಾಕ್ದ. ನೋಡೇ, ನಿಮ್ಮಮ್ಮನಿಗೆ ಬಡ್ತಿ! ಸಂಬಳ ಇಲ್ದಿರೋ ಬಡ್ತಿ.

ನೀನು ಯೋಚನೆ ಮಾಡ್ಬೇಡ. ನೆಲದ ಕಾವು ಏರುತ್ತೆ, ಇಳಿಯುತ್ತೆ.

(ಗುಬ್ಬಿ ಬರೆಯುತ್ತಿರುವುದು: ಅಕ್ಕಾ, ನಾನು ಬಿದ್ದು ಬಿದ್ದು ನಗಲಿಲ್ಲ, ಸ್ವಲ್ಪ ನಕ್ಕೆ. ಕ್ಯಾಪ್ಟನ್ ಫೋಟೋ ಇದ್ದರೆ ಒಂದು ಕಳಿಸಿ. ಇಲ್ಲಿ ಇಸ್ತ್ರಿಯವರೆಲ್ಲ ನೋಡಬೇಕಂತೆ.)


ಸೆಪ್ಟೆಂಬರ್ ೨೪

ಅಮ್ಮ,

ಸೀಟಿ ಸಾಹೇಬರು ಹೇಳಿದ ಮಾತು ಓದಿದ ಕೂಡಲೇ ಹೊರಟೆ. ಕೊಳಕ್ಕೆ ಹೋಗಿ ಮೊಣಕೈ ಅದ್ದಿ ನೋಡಿದೆ, ಪಾಪುವಿನ ಸ್ನಾನದ ನೀರು ನೋಡುವ ಹಾಗೆ. ಪಾಪುವಿಗೂ ಸಾಲದಷ್ಟು ತಣ್ಣಗಿತ್ತು.

ನಾವೊಂದು ಕೆಲಸ ಮಾಡಿದ್ದೇವೆ. ಬಟ್ಟೆ ಕೋಣೆಯ ನಲ್ಲಿಗಳಿಗೆ ನೀರು ಕಾಯಿಸುವ ಬಾಯ್ಲರ್ ಇದೆಯಲ್ಲ, ಗೋಡೆಯ ಹಿಂದೆ, ಅದರಿಂದ ಇವರು ಒಂದು ಪೈಪು ಎಳೆದು ಕೊಳದ ಕೊನೆಯ ಮೆಟ್ಟಿಲಿನಡಿಗೆ ಬಿಟ್ಟಿದ್ದಾರೆ. ಉಪಾಯ ನನ್ನದು. ಹಳೇ ನಗರದ ಸ್ನಾನದ ಮನೆಯ ಮುಂದೆ ನಿಂತು ಎಷ್ಟು ಸಲ ಹೇಳಿದ್ದೇನೆ, "ಆ ಕಾಲದವರೂ ನೆಲದಡಿ ಬೆಂಕಿ ಹಾಕಿ ನೀರು ಕಾಯಿಸುತ್ತಿದ್ದರು, ಇಗೋ ಮಸಿ" ಅಂತ. ಅವರಿಗೆ ತಪ್ಪಲ್ಲದ್ದು ನಮಗೇಕೆ ತಪ್ಪು ಅಂತ ಇವರನ್ನು ಒಪ್ಪಿಸಿದೆ. ಆದರೆ ಅವರು ನಮ್ಮ ಹಾಗೆ ಫಲಕ ಹಾಕಿ "ನೈಸರ್ಗಿಕ" ಅಂತ ಬರೆದಿರಲಿಲ್ಲ. ಕೊಳದ ಉಸ್ತುವಾರಿಗೆ ಅಂತ ಸರ್ಕಾರದ ಸಂಬಳ ತೆಗೆದುಕೊಳ್ಳುವವರು ಇವರು. ಗೊತ್ತಾದರೆ ಕೆಲಸವಷ್ಟೇ ಅಲ್ಲ, ಜೈಲು.

ಬಾಯ್ಲರ್ ಹತ್ತಿರ ನಿಂತರೆ ಕೊಳ ಕಾಣುವುದಿಲ್ಲ. ಕೊಳದ ಉಷ್ಣಮಾಪಕ ಗಂಧಕದ ನೀರಿಗೆ ಎಂದೋ ಕೆಟ್ಟು ಕೂತಿದೆ. ಆದ್ದರಿಂದ ನಾನು ಅಂಚಿನಲ್ಲಿ ನಿಂತು ಹದ ನೋಡಿ "ಸಾಕು" ಎಂದು ಕೂಗುವುದು, ಇವರು ತಿರುಪು ಮುಚ್ಚುವುದು. ನಿನ್ನೆ ಮಾಡಿ ನೋಡಿದೆವು. ಹೊಗೆಯಾಡುವ ನೀರು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ನಾಚಿಕೆಯಾಯಿತು.

ನಿನಗೆ ತಿಳಿದರೆ ನೀನು ಒಪ್ಪುವುದಿಲ್ಲ. ಚಾದರದ ಮೂಲೆಯಲ್ಲಿ ಒಂದು ಕಲೆ ಉಳಿದರೆ, ಯಾರೂ ನೋಡದಿದ್ದರೂ ಮತ್ತೆ ಒಗೆಯುವವಳು ನೀನು. ಆದರೂ ಹೇಳಿಬಿಡೋಣ ಅಂತ ಇಷ್ಟು ಬರೆದೆ. ಈಗ ನೆನಪಾಗುತ್ತಿದೆ, ನನ್ನ ಕಾಗದ ಓದುವುದು ನೀನಲ್ಲ, ಗುಬ್ಬಿ. ಹಡಗಿನ ಹುಡುಗಿ ಜೋರಾಗಿ ಓದಿ ಹೇಳುವ ಕಾಗದದಲ್ಲಿ ಇದನ್ನು ಬರೆಯುವ ಹಾಗಿಲ್ಲ. ಇದನ್ನು ಪಾಪುವಿನ ಬಟ್ಟೆಗಳ ಕೆಳಗೆ ಇಡುತ್ತೇನೆ. ಬೇರೆ ಬರೆಯುತ್ತೇನೆ.


ಸೆಪ್ಟೆಂಬರ್ ೨೪

ಅಮ್ಮ,

ನೀನು ಹೇಳಿದ್ದೇ ಸರಿ, ನೆಲದ ಕಾವು ಏರಿದೆ! ಕೊಳದಲ್ಲಿ ಮತ್ತೆ ಹೊಗೆಯಾಡುತ್ತಿದೆ. ಸೀಟಿ ಸಾಹೇಬರಿಗೆ ಧೈರ್ಯವಾಗಿ ಹೇಳು. ಗುಬ್ಬಿಗೆ ಫೋಟೋ ಇಟ್ಟಿದ್ದೇನೆ, ಅದರಲ್ಲಿ ಕ್ಯಾಪ್ಟನ್‌ಗೆ ಕೋಪ ಬಂದಿದೆ. ಬೇಗ ಹೊಸ ಕನ್ನಡಕ ಹಾಕಿಸಿಕೋ. ನಿನ್ನ ಅಕ್ಷರ ನೋಡದೆ ಏನೋ ಕಳಕೊಂಡ ಹಾಗಿದೆ.

ನಿನ್ನ ಮಗಳು


ಅಕ್ಟೋಬರ್ ೩, ಹಡಗಿನಿಂದ

ಮಗಳೇ,

ಹಡಗಲ್ಲಿ ನಿಮ್ಮ ಕೊಳದ್ದೇ ಮಾತು ಕಣೇ. ಊಟದ ಕೋಣೆಯಲ್ಲಿ, ಲಿಫ್ಟಲ್ಲಿ, ಎಲ್ಲ ಕಡೆ. ಟೋಪಿಯಮ್ಮ ಇದಾಳಲ್ಲ, ದೊಡ್ಡ ಟೋಪಿ ಹಾಕ್ಕೊಂಡು ಎಲ್ಲರನ್ನೂ ಹಿಂದೆ ಹಾಕಿ ಮೆಟ್ಟಿಲು ಇಳೀತಾಳೆ, ಗಂಡ ತೀರ್ಕೊಂಡ ಮೇಲೆ ಹಡಗಲ್ಲೇ ಮನೆ ಮಾಡ್ಕೊಂಡಿರೋ ಮುದುಕಿ, ಅವಳು ನಂಗೋಸ್ಕರ ಕೆಳಗಿನ ತನಕ ಬಂದಳು. "ನಿನ್ನ ಮಗಳ ನೀರಲ್ಲಿ ಮಂಡಿ ನೋವು ಕರಗಿ ಹೋಯ್ತು. ಮುಂದಿನ ಸಲ ಮೊದಲು ಇಳಿಯೋಳು ನಾನೇ, ಕೊನೇಲಿ ಏಳೋಳೂ ನಾನೇ" ಅಂದಳು. ಸೀಟಿ ಸಾಹೇಬ ಈಗ ನನ್ನ ನೋಡಿದ್ರೆ "ಏನಮ್ಮ ಬಿಸಿನೀರು" ಅಂತಾನೆ.

ನಾನು ಕೈಯಿಟ್ಟು ಸರಿ ಅಂದಮೇಲೇ ಎಲ್ಲರೂ ಇಳಿದಿದ್ದು, ನೋಡಿದ್ಯಲ್ಲ? ಎದೆ ಉಬ್ಬಿಹೋಯ್ತು.

ಆದ್ರೆ ನೀನು ಯಾಕೆ ಮಲಗ್ಲಿಲ್ಲ? ಕೊಳದ ಹತ್ರಾನೇ ಸುಳಿದಾಡ್ತಿದ್ದೆ. ಅದಕ್ಕಾ ನಾನು ಬರೋದು? ಮುಖ ನೋಡಿದ್ರೆ ಹಿಂಡಿದ ಬಟ್ಟೆ ಥರ ಇತ್ತು.


ಅಕ್ಟೋಬರ್ ೯

ಅಮ್ಮ,

ಮಲಗಲಿಲ್ಲ, ನಿಜ. ಮುಂದಿನ ಸಲ ಮಲಗುತ್ತೇನೆ, ಅದಕ್ಕೆ ನೀನೊಂದು ಸಹಾಯ ಮಾಡಬೇಕು. ಇವರು ಕೆಳಗಿನ ಬುಗ್ಗೆಯ ನೀರನ್ನೂ ಈಗ ಕೊಳಕ್ಕೆ ಬಿಡುತ್ತಿದ್ದಾರೆ. ಗೋಡೆಯ ಆಚೆಯಿಂದ ಅವರಿಗೆ ಕಾಣುವುದಿಲ್ಲವಾದ್ದರಿಂದ ಅಂಚಿನಲ್ಲಿ ಒಬ್ಬರು ಕೈಯಿಟ್ಟು ನೋಡಿ, ಹದವಾದಾಗ "ಸಾಕು" ಎಂದು ಕೂಗಬೇಕು. ಹೋದ ಸಲ ಅದಕ್ಕೇ ನಾನು ನಿಂತಿದ್ದೆ. ಹೇಗೂ ಸೀಟಿ ಸಾಹೇಬರು ನಿನ್ನ ಕೈಯನ್ನೇ ನಂಬಿದ್ದಾರೆ. ನಾನೂ ಬೇರೆ ಯಾರನ್ನು ನಂಬಲಿ?

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ನಿನಗೆ ನನ್ನ ಮೇಲೆ ಏನಾದರೂ ಬೇಜಾರಿದೆಯಾ? ಹೋದ ಸಲ ಪಾಪುವನ್ನು ಕೈಯಲ್ಲಿ ಹಿಡಿಯಲೇ ಇಲ್ಲ ನೀನು, ಹೊರೆ ಕಟ್ಟಿಗೆ ಹೊತ್ತ ಹಾಗೆ ಎರಡು ತೋಳಿನ ಮಧ್ಯೆ ಇಟ್ಟುಕೊಂಡಿದ್ದೆ. ಅಂಗಿಯ ಗುಂಡಿ ಹಾಕು ಅಂದರೆ "ಅಳಿಯಂದ್ರು ಹಾಕ್ಲಿ ಬಿಡು" ಅಂದೆ. ಹಾಲಿನ ಬಾಟಲಿ ಬೀಳಿಸಿ, ಎತ್ತಲೂ ಬಗ್ಗದೆ ನಿಂತೆ. ಕೆನ್ನೆ ಚಿವುಟಲಿಲ್ಲ, ತಲೆ ಸವರಲಿಲ್ಲ. ಬೇರೆಯವರ ಮಕ್ಕಳನ್ನೂ ಬಿಡದೆ ಚಿವುಟುವವಳು ನೀನು. ನಾನು ಬರೀ ಮಲಗಲಿಕ್ಕೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಅಂತ ಅನ್ನಿಸಿತಾ? ಈಗಿನ ಹುಡುಗಿಯರಿಗೆ ಒಂದು ಮಗು ಸಾಕಲೂ ಬರುವುದಿಲ್ಲ ಅಂತ ಗುಬ್ಬಿಯ ಹತ್ತಿರ ಹೇಳಿಕೊಂಡೆಯಾ? ಹೇಳಿಕೊಂಡಿದ್ದರೂ ಪರವಾಗಿಲ್ಲ. ಗುಬ್ಬೀ, ಇದನ್ನು ಓದದೆ ಬಿಡಬೇಡ.

ನಿನ್ನ ಮಗಳು


ಅಕ್ಟೋಬರ್ ೩೦

ಅಮ್ಮ,

ಆವತ್ತು ಹಡಗಿನವರು ನಿನ್ನನ್ನು ಆಸ್ಪತ್ರೆಯಿಂದಲೇ ಕರೆದುಕೊಂಡು ಹೋದ ಮೇಲೆ ಏನೂ ತಿಳಿದಿಲ್ಲ. ಬರೆಯಲು ಎಷ್ಟು ಸಲ ಕೂತೆನೋ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನೂ ಅಲ್ಲೇ ಇದ್ದೆ ನಿಜ, ನಾನು ಇರಲಿಲ್ಲ. ನಾನು ಮಲಗಿದ್ದೆ.

ಮಳೆ ಬಂದು ಹಳೇ ನಗರ ನೋಡುವುದು ಬೇಗ ಮುಗಿಯಿತಂತೆ, ಬಸ್ಸುಗಳು ಹೊತ್ತಿಗೆ ಮುಂಚೆ ಬಂದವು. ನೀನು ಪಾಪುವನ್ನು ಒಂದು ತೋಳಿನಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ನೀರಿನಲ್ಲಿಟ್ಟು ಕೂತಿದ್ದೆಯಂತೆ. ಸೀಟಿ ಸಾಹೇಬರು "ಏನಮ್ಮ ಬಿಸಿನೀರು, ಇಳಿಬಹುದಾ?" ಅಂದರಂತೆ. ನೀನು "ಇನ್ನೂ ಸ್ವಲ್ಪ ಕಾವು ಬರ್ಲಿ ಅಂತ ನೋಡ್ತಿದ್ದೆ, ಪರವಾಗಿಲ್ಲ ಇಳೀರಿ" ಅಂದೆಯಂತೆ. ಟೋಪಿಯಮ್ಮ ಎಲ್ಲರಿಗಿಂತ ಮೊದಲು ಕಂಬಿ ಹಿಡಿದು ಸರಸರ ಇಳಿದರು. ನನ್ನನ್ನು ಎಬ್ಬಿಸಿದ್ದು ಅವರ ಕೂಗು. ಪಾಪುವಿನದು ಅಂದುಕೊಂಡು ಬರಿಗಾಲಲ್ಲಿ ಓಡಿಬಂದೆ. ಪಾಪು ನಿನ್ನ ತೋಳಿನಲ್ಲಿ ಸುಮ್ಮನೆ ನೋಡುತ್ತಿತ್ತು.

ಟೋಪಿಯಮ್ಮನ ಎರಡೂ ಕಾಲು ಮಂಡಿಯವರೆಗೆ ಬೆಂದಿವೆ. ಇಲ್ಲಿಯ ಆಸ್ಪತ್ರೆಯಲ್ಲಿ ಆಗುವುದಿಲ್ಲ ಅಂತ ವಿಮಾನದಲ್ಲಿ ಕಳಿಸಿದರು. ಹೋಗುವ ಮುಂಚೆ ನೋಡಲು ಹೋಗಿದ್ದೆ. ಗುರುತು ಸಿಗಲಿಲ್ಲ ನನಗೆ, ಟೋಪಿ ಇಲ್ಲದೆ.

ಇಲಾಖೆಯವರು ವಿಚಾರಣೆಗೆ ಬಂದರು. ನೆಲದಡಿಯ ಕಾವು ಇದ್ದಕ್ಕಿದ್ದಂತೆ ಏರಿತು, ಇಂಥ ಬುಗ್ಗೆಯನ್ನು ನಂಬುವ ಹಾಗಿಲ್ಲ ಅಂತ ಬರೆದುಕೊಂಡು ಕೊಳಕ್ಕೆ ಬೀಗ ಹಾಕಿದರು. ನಿಮ್ಮ ಕಂಪನಿಯ ಪತ್ರವೂ ಬಂತು, ಇನ್ನು ಈ ಬಂದರಿನಲ್ಲಿ ಹಡಗು ನಿಲ್ಲುವುದಿಲ್ಲ. ಇವರು ಬೇರೆ ಕೆಲಸ ಹುಡುಕುತ್ತಿದ್ದಾರೆ.

ನಿನ್ನ ಕೈ ಹೇಗಿದೆ? "ಅಜ್ಜೀ, ನಿಮ್ಮ ಕೈ ನೋಡ್ಕೊಳ್ಳಿ" ಅಂತ ನರ್ಸು ಕಿರುಚಿದಾಗಲೇ ನಮಗೆ ಗೊತ್ತಾದದ್ದು. ಮಣಿಕಟ್ಟಿನವರೆಗೂ ಬೊಬ್ಬೆ ಎದ್ದಿತ್ತು. ನೀನು ಅದೇ ಕೈಯಿಂದ ಕೂದಲು ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದೆ. ಅಷ್ಟು ಬಿಸಿ ನಿನಗೆ ತಿಳಿಯಲಿಲ್ಲವೇ ಅಮ್ಮ?

ನಿನ್ನ ಮಗಳು


ನವೆಂಬರ್ ೧೪, ಹಡಗಿನಿಂದ

ಮಗಳೇ,

ತಿಳೀಲಿಲ್ಲ ಕಣೇ. ಒಂದು ವರ್ಷ ಆಯ್ತು ನನ್ನ ಬೆರಳಿಗೆ ಏನೂ ತಿಳಿಯಲ್ಲ.

ಮೊದಲು ತುದಿ ಜೋಮು ಹಿಡೀತು, ಬರ್ತಾ ಬರ್ತಾ ಮಣಿಕಟ್ಟಿನ ತನಕ ಏರ್ತು. ಇಸ್ತ್ರಿ ರೋಲರ್ ಕೆಲಸದಲ್ಲಿ ಎಲ್ಲರಿಗೂ ಆಗುತ್ತೆ ಅಂತ ಬಿಟ್ಟೆ. ಆಮೇಲೆ ಸೂಜಿ ಚುಚ್ಚಿ ರಕ್ತ ಬಂದ್ರೂ ನೋಡಿದಾಗಲೇ ಗೊತ್ತಾಗೋದು. ಕನ್ನಡಕ ಒಡೆದಿಲ್ಲ, ನನ್ನ ಮೂಗಿನ ಮೇಲೇ ಇದೆ. ಪೆನ್ನು ಹಿಡಿಯೋಕಾಗಲ್ಲ. ನಿನ್ನ ಕಾಗದ ನಾನೇ ಓದ್ಬಹುದಿತ್ತು, ಆದ್ರೆ ಓದ್ತೀನಿ ಅಂದ್ರೆ ಬರಿ ಅಂತೀಯಲ್ಲ, ಅದಕ್ಕೆ ಎರಡನ್ನೂ ಗುಬ್ಬಿಗೆ ಹಾಕ್ದೆ. ಡಾಕ್ಟರಿಗೆ ತೋರಿಸಿದ್ರೆ ಮುಂದಿನ ಬಂದರಲ್ಲೇ ಇಳಿಸ್ತಾರೆ. ಇಳಿಸಿದ್ರೆ ಟವೆಲ್ ಮೂಟೆ ಇಲ್ಲ, ನೀನಿಲ್ಲ, ಕ್ಯಾಪ್ಟನ್ ಇಲ್ಲ. ಬುಗ್ಗೆ ನೀರು ಯಾವತ್ತೂ ಯಾರನ್ನೂ ಸುಟ್ಟಿರ್ಲಿಲ್ಲ. ಸೀಟಿ ಸಾಹೇಬ ಕೈಯಿಡು ಅಂದಾಗ ಇಟ್ಟೆ. ಸುಮ್ನೆ ಒಂದು ಶಾಸ್ತ್ರ ಅಂದ್ಕೊಂಡಿದ್ದೆ. ನೆಲ ಅವತ್ತೇ ಕಾವು ಉಗುಳುತ್ತೆ ಅಂತ ಯಾರಿಗೆ ಗೊತ್ತಿತ್ತು? ಬೇರೆ ಯಾರ ಕೈ ಇದ್ರೂ ಆ ಮುದುಕಿ ಇವತ್ತು ನಡೀತಿದ್ಳು.

ನಿನ್ನ ಮೇಲೆ ಬೇಜಾರಾ ಅಂತ ಕೇಳಿದ್ಯಲ್ಲ. ಪಾಪುನ ಕೈಯಲ್ಲಿ ಹಿಡಿದ್ರೆ ಹಿಡಿದಿದೀನೋ ಬಿಟ್ಟಿದೀನೋ ತಿಳೀತಿರ್ಲಿಲ್ಲ, ಅದಕ್ಕೆ ತೋಳಲ್ಲಿ ಒತ್ಕೊಳ್ತಿದ್ದೆ. ತೋಳಿಗೆ ಇನ್ನೂ ಜೀವ ಇದೆ. ನೀನು ಬೆಂಚಿನ ಮೇಲೆ ನಿಶ್ಚಿಂತೆಯಾಗಿ ಮಲಗಿರ್ತಿದ್ದೆ, ನಾನು ಕಣ್ಣು ಮಿಟುಕಿಸದೆ ನನ್ನ ಕೈನೇ ನೋಡ್ತಾ ಕೂತಿರ್ತಿದ್ದೆ.

ಆಸ್ಪತ್ರೆ ಪಡಸಾಲೆಯಲ್ಲಿ, ನರ್ಸು ಕಿರುಚಿದ ಮೇಲೆ, ಕೊಡು ನಾನು ಎತ್ಕೊಳ್ತೀನಿ, ನೀನು ಕೂತ್ಕೋ ಅಂತ ತೋಳು ಚಾಚಿದೆ. ನೀನು ಪಾಪುನ ಆ ಭುಜದಿಂದ ಈ ಭುಜಕ್ಕೆ ಹಾಕ್ಕೊಂಡೆ. ಕಾಗದದಲ್ಲಿ ಅದನ್ನ ಬರೆದಿಲ್ಲ ನೀನು. ನಾನು ದೂರ್ತಾ ಇಲ್ಲ ಮಗಳೇ. ನಾನು ನಿನ್ನ ಜಾಗದಲ್ಲಿದ್ರೂ ಹಾಗೇ ಮಾಡ್ತಿದ್ದೆ. ಮಾಡದೆ ಇದ್ದಿದ್ರೆ ಬೈತಿದ್ದೆ.

ಹಡಗಿನ ಡಾಕ್ಟರು ನೋಡಿದ್ರು, ಕೆಲಸ ಮುಗೀತು. ನಾಡಿದ್ದು ಇಳೀತೀನಿ. ನಿನ್ನ ಸೋದರಮಾವನ ಮನೆಗೆ ಹೋಗ್ತೀನಿ, ಹಿಂದುಗಡೆ ಒಂದು ಕೋಣೆ ಇದೆಯಂತೆ. ಇನ್ಮೇಲೆ ಕಾಗದ ಬರೆಯೋದು ಓದೋದು ಎಲ್ಲ ನಿಮ್ಮತ್ತೆ, ಕೈ ನೆಟ್ಟಗಿಲ್ದಿರೋಳು ಕಾಗದ ಒಡೆಯೋದೂ ಬೇಡ ಅಂದಿದಾಳೆ. ಬಾ ಅಂತ ಕರೀಬೇಡ. ಕರೆದ್ರೆ ಬಂದ್ಬಿಡ್ತೀನಿ.

(ಗುಬ್ಬಿ ಬರೆಯುತ್ತಿರುವುದು: ಅಕ್ಕಾ, ಅಮ್ಮನ ಊಟದ ಚಮಚೆಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟಿದ್ದೇನೆ. ಅತ್ತೆಯವರಿಗೆ ತಿಳಿಸಿ. ಬಿಸಿ ಲೋಟ ಕೈಗೆ ಕೊಡಬಾರದು.)


ಡಿಸೆಂಬರ್ ೧

ಅಮ್ಮ,

ನೆಲ ಕಾವು ಉಗುಳಲಿಲ್ಲ. ನಾವು ಉಗುಳಿಸಿದೆವು. ಬಾಯ್ಲರ್ ಪೈಪು, ಕೊನೆಯ ಮೆಟ್ಟಿಲಿನಡಿಗೆ. ನೀನು "ಸಾಕು" ಅನ್ನಲಿ ಅಂತ ಇವರು ಗೋಡೆಯ ಹಿಂದೆ ಕಾಯುತ್ತಿದ್ದರು, ತಿರುಪು ಪೂರ್ತಿ ತೆರೆದೇ ಇತ್ತು. ಕೂಗು ಬರದಿದ್ದರೆ ಒಂದು ಸಲ ಬಂದು ನೋಡಬಾರದಿತ್ತೇ ಅಂತ ನಾನು ಇವರಿಗೆ ಬೈದೆ. "ನಿಮ್ಮಮ್ಮನ ಕೈ ಅಲ್ವಾ ಅಂತ ಸುಮ್ನಿದ್ದೆ" ಅಂದರು. ಆಸ್ಪತ್ರೆಯ ಗಾಡಿ ಹೋದ ಕೂಡಲೇ ಪೈಪು ಕಿತ್ತು ಸಮುದ್ರಕ್ಕೆ ಎಸೆದೆವು. ಕಿತ್ತವರು ಇವರು, ಎಸೆದವಳು ನಾನು.

ನಿನ್ನ ಕೈ ಸರಿಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ನಾನು ನೀರು ಕಾಯಿಸದಿದ್ದರೂ ಹೀಗಾಗುತ್ತಿರಲಿಲ್ಲ. ನೀನು ಬರಲಿ ಅಂತ ನಾನು ಕಾಯಿಸಿದೆ. ನನ್ನ ಹತ್ತಿರ ಬರಬೇಕು ಅಂತ ನೀನು ಕೈ ಮುಚ್ಚಿಟ್ಟೆ. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೂ ಹಡಗು ಇಲ್ಲಿಗೆ ಬರುವುದು ನಿಲ್ಲುತ್ತಿತ್ತು, ಅಷ್ಟೇ. ಟೋಪಿಯಮ್ಮ ಬೇರೆ ಯಾವುದೋ ಕೊಳಕ್ಕೆ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದರು.

ಭುಜ ಬದಲಿಸಿದ್ದು ನಿಜ. ಸುಳ್ಳು, ನಿನಗೆ ಹಾಗೆ ಕಂಡಿತು ಅಷ್ಟೇ ಅಂತ ಬರೆಯಲು ಕೂತಿದ್ದೆ, ಆಗಲಿಲ್ಲ. ಅಷ್ಟು ಹೊತ್ತು ಪಾಪು ಅದೇ ಕೈಯಲ್ಲಿ, ಅದೇ ನೀರಿನ ಅಂಚಿನಲ್ಲಿ ಇತ್ತು ಅನ್ನುವುದು ಆ ಗಳಿಗೆಯಲ್ಲಿ ತಲೆಗೆ ಹೊಕ್ಕಿತು. ಇನ್ನೂ ಹೊರಗೆ ಹೋಗಿಲ್ಲ. ನಾನು ಮಾಡಿದ ನೀರು, ನಾನೇ ಕೂರಿಸಿದ ಅಂಚು ಅದು. ಆದರೂ ಕಣ್ಣು ಮುಚ್ಚಿದರೆ ಕಾಣುವುದು ನಿನ್ನ ಕೈ. ಅದಕ್ಕಾಗಿ ನನ್ನನ್ನು ಎಷ್ಟು ಬೈದುಕೊಂಡರೂ ಕಾಣುವುದು ಅದೇ.

ನಿನ್ನೆ ಹಡಗು ದೂರದಲ್ಲಿ ಹಾದು ಹೋಯಿತು. ಈ ಊರಿನಲ್ಲಿ ಏನಿತ್ತು ಅಂತ ಅದರಲ್ಲಿರುವವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಹೋದ ವಾರದಿಂದ ಪಾಪು ನಡುವೆ ಏಳದೆ ಮಲಗುತ್ತಿದೆ. ಇನ್ನು ನಿಮಗೂ ನಿದ್ದೆ ಅಂತ ಡಾಕ್ಟರಮ್ಮ ನಕ್ಕರು. ಅದು ಮಲಗಿರುತ್ತದೆ, ಇವರು ಮಲಗಿರುತ್ತಾರೆ, ನಾನು ಇಬ್ಬರ ಉಸಿರನ್ನೂ ಕೇಳುತ್ತಾ ಕೂತಿರುತ್ತೇನೆ. ಯಾರ ತೋಳಿಗೆ ಕೊಟ್ಟರೆ ಆ ಗಂಟು ಸಡಿಲವಾಗುತ್ತಿತ್ತೋ ಅವರಿಗೇ ಕೊಡಲಾರೆ ಅಂದಮೇಲೆ ಇನ್ನೆಲ್ಲಿಯ ನಿದ್ದೆ.

ಅತ್ತೆಗೆ ಬಾಯಿ ನಿಲ್ಲುವುದಿಲ್ಲ. ಮಾವ ಕಂಪನಿಯ ಮೇಲೆ ಪರಿಹಾರಕ್ಕೆ ದಾವೆ ಹಾಕುತ್ತೇನೆ ಅಂತ ಓಡಾಡುತ್ತಿದ್ದಾರಂತೆ, ಈ ಕಾಗದ ಅವರ ಕೈಗೆ ಸಿಕ್ಕರೆ ಇವರು ಜೈಲಿನಲ್ಲಿ. ಇದೂ ಪಾಪುವಿನ ಬಟ್ಟೆಗಳ ಕೆಳಗೇ ಹೋಗುತ್ತದೆ. ಆ ಬಟ್ಟೆಗಳು ಈಗ ಅದಕ್ಕೆ ಆಗುವುದಿಲ್ಲ.


ಡಿಸೆಂಬರ್ ೧

ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಇವರಿಗೆ ಬಂದರಿನ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಪಾಪುವಿಗೆ ಕೆಳಗಿನ ಎರಡು ಹಲ್ಲು ಬಂದಿವೆ, ಕಂಡದ್ದನ್ನೆಲ್ಲ ಕಚ್ಚುತ್ತದೆ.

ಅತ್ತೆ, ಅಮ್ಮನ ಕೈಗೆ ಬಿಸಿ ಲೋಟ ಕೊಡಬೇಡಿ. ಅವಳಿಗೆ ತಿಳಿಯುವುದಿಲ್ಲ.

ಅಮ್ಮ, ಆವತ್ತಿನದು ನಿನ್ನ ಕೈಯ ತಪ್ಪಲ್ಲ. ಸಮಾಧಾನಕ್ಕೆ ಬರೆದಿದ್ದಾಳೆ ಅಂದುಕೊಳ್ಳುತ್ತೀಯ, ಗೊತ್ತು. ಆದರೂ ಬರೆದಿದ್ದೇನೆ.

ಹಿಂದಿನ ಕೋಣೆಯಲ್ಲಿ ಕಿಟಕಿ ಇದೆಯಾ? ಅಲ್ಲಿ ಈಗ ಚಳಿ ಇರಬೇಕು. ಹೊದ್ದುಕೊಂಡು ಮಲಗು.

ನಿನ್ನ ಮಗಳು